ಮೊದಲ ಸಲ ಕನೆಕ್ಟ್ ಆಗಿದ್ದ ಡೀಬಗ್ಗರ್ ಎರಡನೇ ಸಲ 'ಟಾರ್ಗೆಟ್ ಸಿಗುತ್ತಿಲ್ಲ' ಅನ್ನುತ್ತಿದೆ: ಎಸ್‌ಟಿಎಂ32ಎಫ್‌103

ಕೆಂಪುದೀಪ · ಶನಿವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದರ ಹಿಂದೆಯೇ ಬಿದ್ದಿದ್ದೀನಿ. ತೋಚಿದ್ದೆಲ್ಲ ಮಾಡಿ ಆಯ್ತು, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಬೋರ್ಡು ಎಸ್‌ಟಿಎಂ32ಎಫ್‌103ಸಿ8 ಮೈಕ್ರೋಕಂಟ್ರೋಲರ್ ಚಿಪ್ ಇರೋದು, ಆ ನೀಲಿ ಬಣ್ಣದ ಚಿಕ್ಕದು. ಡೀಬಗ್ಗರ್ (ಕಂಪ್ಯೂಟರಿನಿಂದ ಚಿಪ್‌ಗೆ ಪ್ರೋಗ್ರಾಂ ಹಾಕಿ ಪರೀಕ್ಷಿಸೋ ಸಾಧನ) ಪೆನ್‌ಡ್ರೈವ್ ಆಕಾರದ ಎಸ್‌ಟಿ-ಲಿಂಕ್ ವಿ2 ಡಾಂಗಲ್. ನಾಲ್ಕು ವೈರ್ ಹಾಕಿದ್ದೀನಿ: 3.3, ಗ್ರೌಂಡ್, ಡೇಟಾ, ಕ್ಲಾಕ್. ಕ್ಯೂಬ್‌ಎಂಎಕ್ಸ್‌ನಲ್ಲಿ (ಆರಂಭದ ಕೋಡ್ ತಾನೇ ಬರೆದುಕೊಡೋ ಸಾಫ್ಟ್‌ವೇರ್) ಪ್ರಾಜೆಕ್ಟ್ ಮಾಡಿ ಪಿಸಿ13 ಪಿನ್ನಿನ ಎಲ್‌ಇಡಿ ಮಿನುಗಿಸುವ ಪ್ರೋಗ್ರಾಂ ಬರೆದೆ. ಓಪನ್‌ಒಸಿಡಿಯಲ್ಲಿ (ಡಾಂಗಲ್ ಮೂಲಕ ಚಿಪ್ ಜೊತೆ ಮಾತಾಡೋ ಸಾಫ್ಟ್‌ವೇರ್) ಹಾಕಿದೆ, ಮೊದಲ ಸಲಕ್ಕೇ ಹೋಯ್ತು, ದೀಪ ಮಿನುಗಿತು. ಆಮೇಲೆ ಡಿಲೇ 500 ಇದ್ದದ್ದನ್ನು 100 ಮಾಡಿ ಮತ್ತೆ ಹಾಕಲು ಹೋದೆ. ಆಗಲಿಂದ ಬರೀ ಇದೇ:

ಟಾರ್ಗೆಟ್ ವೋಲ್ಟೇಜ್: 3.26
ಎರರ್: ಇನಿಟ್ ಮೋಡ್ ಫೇಲ್ಡ್, ಅನೇಬಲ್ ಟು ಕನೆಕ್ಟ್ ಟು ದ ಟಾರ್ಗೆಟ್

ಯುಎಸ್‌ಬಿ ಪೋರ್ಟ್ ಬದಲಿಸಿದೆ, ಸಾಫ್ಟ್‌ವೇರ್ ಎಲ್ಲಾ ತೆಗೆದು ಮತ್ತೆ ಹಾಕಿದೆ, ಬೇರೆ ಕಂಪ್ಯೂಟರ್‌ನಲ್ಲೂ ನೋಡಿದೆ. ಗೆಳೆಯನೊಬ್ಬ ಚಿಪ್ ಹೋಗಿದೆ ಅಂದ. ನನ್ನ ಹತ್ತಿರ ಇದ್ದ ಇನ್ನೊಂದು ಹೊಸ ಬೋರ್ಡಿಗೆ ಅದೇ ಪ್ರೋಗ್ರಾಂ ಹಾಕಿದೆ. ಮೊದಲ ಸಲ ಹೋಯ್ತು, ಎರಡನೇ ಸಲ ಅದೇ ಎರರ್. ಈಗ ಎರಡು ಬೋರ್ಡುಗಳೂ ಮೇಜಿನ ಮೇಲೆ ಹಳೇ ವೇಗದಲ್ಲಿ ಮಿನುಗುತ್ತಾ ಕೂತಿವೆ, ಎರಡಕ್ಕೂ ಏನೂ ಮಾಡೋಕಾಗ್ತಿಲ್ಲ. ನಾನೇ ಸುಡ್ತಿದ್ದೀನಾ ಇವನ್ನ?

ತಂತಿಗಂಟು · ರಾತ್ರಿ 10:58

ಮೊದಲು ವೈರ್ ನೋಡಿ. ಈ ಥರದ ಡಾಂಗಲ್‌ಗಳ ಲೋಹದ ಕವಚದ ಮೇಲೆ ಅಚ್ಚಾಗಿರುವ ಪಿನ್ ಕ್ರಮಕ್ಕೂ ಒಳಗಿನ ಬೋರ್ಡಿನ ಕ್ರಮಕ್ಕೂ ತಾಳೆ ಆಗದೇ ಇರೋದನ್ನ ನಾನೇ ನೋಡಿದ್ದೀನಿ. ಕವಚ ಜಾರಿಸಿ ತೆಗೆದು ಒಳಗೆ ಬರೆದಿರೋದನ್ನು ಓದಿ. ಡೇಟಾ ಪಿಎ13ಕ್ಕೆ, ಕ್ಲಾಕ್ ಪಿಎ14ಕ್ಕೆ ಹೋಗಬೇಕು. ಜಂಪರ್ ವೈರ್‌ಗಳನ್ನೂ ಬದಲಿಸಿ ನೋಡಿ, ತುದಿಯ ಕ್ರಿಂಪ್ ಒಳಗೇ ಸಡಿಲ ಆಗಿರುತ್ತೆ, ಹೊರಗಿಂದ ಕಾಣೋದಿಲ್ಲ.

ಎಂಟುಮೆಗಾಹರ್ಟ್ಸ್ · ರಾತ್ರಿ 11:15

ಕೆಂಪುದೀಪ ಅವರೇ, ನೀವು ಏನನ್ನೂ ಸುಟ್ಟಿಲ್ಲ. ಎರಡೂ ಬೋರ್ಡು ಬದುಕಿವೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನೀವು ಬರೆದದ್ದರಲ್ಲೇ ಅದಕ್ಕೆ ಸಾಕ್ಷಿ ಇದೆ: ದೀಪ ಇನ್ನೂ ಮಿನುಗುತ್ತಿದೆ. ಪ್ರೊಸೆಸರ್ ಓಡುತ್ತಿದೆ, ಪ್ರೋಗ್ರಾಂ ಇರುವ ಫ್ಲ್ಯಾಶ್ ಮೆಮೊರಿ ಸರಿಯಾಗಿದೆ, ಕರೆಂಟ್ ಬರುತ್ತಿದೆ. ಮಾತಾಡುವ ಬಾಗಿಲೊಂದು ಮುಚ್ಚಿದೆ, ಅಷ್ಟೇ.

ಡೀಬಗ್ಗರ್ ಸಿಗುತ್ತಿಲ್ಲ ಅಂತ ಯಾರೇ ಕೇಳಿದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಈ ಬೋರ್ಡು ಒಂದು ಸಲವಾದರೂ ಕನೆಕ್ಟ್ ಆಗಿತ್ತಾ, ಇಲ್ಲ ಹುಟ್ಟಿದಾಗಿನಿಂದಲೂ ಆಗಿಲ್ಲವಾ? ಒಂದು ಸಲವೂ ಆಗಿಲ್ಲ ಅಂದರೆ ವೈರು, ಕರೆಂಟು, ಸೋಲ್ಡರ್ ನೋಡಬೇಕು. ಒಂದು ಸಲ ಆಗಿ, ಪ್ರೋಗ್ರಾಂ ಹಾಕಿದ ಮೇಲೆ ನಿಂತಿದ್ದರೆ ಅನುಮಾನ ಆ ಪ್ರೋಗ್ರಾಂ ಮೇಲೆ. ನಿಮ್ಮದು ಎರಡು ಬೋರ್ಡಿನಲ್ಲಿ ಎರಡು ಸಲ ಅಚ್ಚುಕಟ್ಟಾಗಿ ಹೀಗೇ ಆಗಿದೆ. ಸಡಿಲ ವೈರ್ ಇಷ್ಟು ಶಿಸ್ತಾಗಿ ಕೈಕೊಡುವುದಿಲ್ಲ.

ಇನ್ನೊಂದು ಸುಳಿವು ಎರರ್ ಸಂದೇಶದಲ್ಲೇ ಇದೆ. ಕಂಪ್ಯೂಟರಿಗೂ ಡಾಂಗಲ್‌ಗೂ ನಡುವೆ ತೊಂದರೆ ಇದ್ದಿದ್ದರೆ ಓಪನ್‌ಒಸಿಡಿ 'ಓಪನ್ ಫೇಲ್ಡ್' ಅನ್ನುತ್ತಿತ್ತು. ನಿಮಗೆ ಬಂದಿರುವುದು 'ಇನಿಟ್ ಮೋಡ್ ಫೇಲ್ಡ್'. ಅಂದರೆ ಡಾಂಗಲ್‌ವರೆಗೆ ದಾರಿ ಸರಿಯಿದೆ, ಡಾಂಗಲ್ ಕೂಗಿದರೆ ಚಿಪ್ ಓಗೊಡುತ್ತಿಲ್ಲ. ಹಾಗಾಗಿ ಸಾಫ್ಟ್‌ವೇರ್ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವುದನ್ನು ಇಲ್ಲಿಗೇ ಬಿಡಿ.

ಒಂದು ಎಚ್ಚರಿಕೆ: ಆ 3.26 ಎಂಬ ಸಂಖ್ಯೆಯನ್ನು ಬೋರ್ಡಿನ ವೋಲ್ಟೇಜ್ ಅಂತ ನಂಬಬೇಡಿ. ಈ ಪೆನ್‌ಡ್ರೈವ್ ಮಾದರಿಯ ಹಲವು ಡಾಂಗಲ್‌ಗಳು ತಮ್ಮದೇ 3.3ನ್ನು ಅಳೆದು ಹೇಳುತ್ತವೆ. ಬೋರ್ಡನ್ನು ಕಿತ್ತು ನೋಡಿ, ಆಗಲೂ ಅದೇ ಸಂಖ್ಯೆ ಬಂದರೆ ಅದಕ್ಕೆ ಬೆಲೆ ಇಲ್ಲ.

ಈಗ ನಿಮ್ಮ ಪ್ರಾಜೆಕ್ಟಿನ ಸೋರ್ಸ್ ಫೋಲ್ಡರಿನಲ್ಲಿ ಹೆಸರು 'ಹಾಲ್ ಎಂಎಸ್‌ಪಿ' ಅಂತ ಮುಗಿಯುವ ಫೈಲ್ ಇರುತ್ತದೆ. ಅದನ್ನು ತೆಗೆದು 'ಎಸ್‌ಡಬ್ಲ್ಯುಜೆ' ಅಂತ ಹುಡುಕಿ. ಸಿಕ್ಕಿದ ಸಾಲು ಇಲ್ಲಿ ಹಾಕಿ.

ಕೆಂಪುದೀಪ · ರಾತ್ರಿ 11:31

ಬೋರ್ಡ್ ಕಿತ್ತರೂ 3.26 ಅಂತಲೇ ತೋರಿಸ್ತಿದೆ! ಇಷ್ಟು ಹೊತ್ತು ಅದನ್ನೇ ನಂಬಿಕೊಂಡು ಕೂತಿದ್ದೆ.

ಎಂಎಸ್‌ಪಿ ಫೈಲಿನಲ್ಲಿ ಒಂದೇ ಕಡೆ ಸಿಕ್ಕಿತು: 'ಹಾಲ್ ಎಎಫ್‌ಐಒ ರೀಮ್ಯಾಪ್ ಎಸ್‌ಡಬ್ಲ್ಯುಜೆ ಡಿಸೇಬಲ್'. ಮೇಲೊಂದು ಕಾಮೆಂಟ್ ಇದೆ, 'ಡಿಸೇಬಲ್: ಜೆಟ್ಯಾಗ್-ಡಿಪಿ ಡಿಸೇಬಲ್ಡ್ ಆಂಡ್ ಎಸ್‌ಡಬ್ಲ್ಯು-ಡಿಪಿ ಡಿಸೇಬಲ್ಡ್' ಅಂತ. ಇದನ್ನು ನಾನು ಬರೆದಿಲ್ಲ.

ಎಂಟುಮೆಗಾಹರ್ಟ್ಸ್ · ರಾತ್ರಿ 11:52

ಅದೇ. ಬಾಗಿಲು ಮುಚ್ಚಿದ ಕೈ ಅದು.

ಎಫ್‌1 ಸರಣಿಯಲ್ಲಿ ಡೀಬಗ್ ಪಿನ್‌ಗಳು ಯಾರ ಪಾಲು ಅನ್ನುವುದನ್ನು ಎಎಫ್‌ಐಒ ಎಂಬ ಬ್ಲಾಕಿನ ಎಂಎಪಿಆರ್ ರಿಜಿಸ್ಟರ್ (ಚಿಪ್ ಒಳಗೆ ಸೆಟ್ಟಿಂಗ್ ಇಡುವ ಜಾಗ) ತೀರ್ಮಾನಿಸುತ್ತದೆ. ಜೆಟ್ಯಾಗ್, ಎಸ್‌ಡಬ್ಲ್ಯುಡಿ ಅಂದರೆ ಡೀಬಗ್ಗರ್ ಚಿಪ್ ಜೊತೆ ಮಾತಾಡುವ ಎರಡು ಬಗೆ; ನಿಮ್ಮ ಡೇಟಾ, ಕ್ಲಾಕ್ ವೈರ್‌ಗಳದ್ದು ಎಸ್‌ಡಬ್ಲ್ಯುಡಿ. 24ರಿಂದ 26ನೇ ಬಿಟ್‌ವರೆಗಿನ ಮೂರು ಬಿಟ್‌ಗಳು. ಮೂರೂ ಸೊನ್ನೆ ಇದ್ದರೆ ಜೆಟ್ಯಾಗ್ ಕೂಡ ಇದೆ, ಎಸ್‌ಡಬ್ಲ್ಯುಡಿ ಕೂಡ ಇದೆ. ರೀಸೆಟ್ ಆದ ಕೂಡಲೇ ಇರುವ ಸ್ಥಿತಿ ಇದು. 010 ಬರೆದರೆ ಜೆಟ್ಯಾಗ್ ಹೋಗಿ ಎಸ್‌ಡಬ್ಲ್ಯುಡಿ ಉಳಿಯುತ್ತದೆ, ಪಿಎ15, ಪಿಬಿ3, ಪಿಬಿ4 ನಿಮ್ಮ ಬಳಕೆಗೆ ಸಿಗುತ್ತವೆ. 100 ಬರೆದರೆ ಎರಡೂ ಹೋಗುತ್ತವೆ, ಪಿಎ13 ಮತ್ತು ಪಿಎ14 ಕೂಡ ಮಾಮೂಲಿ ಪಿನ್‌ಗಳಾಗುತ್ತವೆ. ನಿಮ್ಮ ಆ ಒಂದು ಸಾಲು 100 ಬರೆಯುತ್ತಿದೆ.

ಕ್ಯೂಬ್‌ಎಂಎಕ್ಸ್ ಇದನ್ನು ಯಾಕೆ ಬರೆಯಿತು? ಎಡಗಡೆ ಸಿಸ್ಟಂ ಕೋರ್ ಒಳಗೆ ಎಸ್‌ವೈಎಸ್ ಅಂತ ಇದೆಯಲ್ಲ, ಅದರಲ್ಲಿ ಡೀಬಗ್ ಎಂಬ ಆಯ್ಕೆ 'ನೋ ಡೀಬಗ್' ಅಂತ ಉಳಿದಿರುತ್ತದೆ. ನೀವು ಡೀಬಗ್ ಬೇಡ ಅಂದಿದ್ದೀರಿ ಅಂತ ಅದು ಅರ್ಥ ಮಾಡಿಕೊಂಡು ಪಿನ್‌ಗಳನ್ನು ಬಿಡಿಸಿ ಕೊಟ್ಟಿದೆ. ಅಲ್ಲಿ 'ಸೀರಿಯಲ್ ವೈರ್' ಆರಿಸಿ ಕೋಡ್ ಮತ್ತೆ ಜನರೇಟ್ ಮಾಡಿ. ಎಂಎಸ್‌ಪಿ ಫೈಲಿನಲ್ಲಿ ಆ ಸಾಲು 'ನೋಜೆಟ್ಯಾಗ್' ಅಂತ ಬದಲಾಗಿರುವುದನ್ನು ಕಣ್ಣಾರೆ ನೋಡಿಕೊಂಡು ಬಿಲ್ಡ್ ಮಾಡಿ ಇಟ್ಟುಕೊಳ್ಳಿ. ಇದು ಮೊದಲು ಆಗಲಿ. ಇಲ್ಲದಿದ್ದರೆ ಬೋರ್ಡನ್ನು ಕಷ್ಟಪಟ್ಟು ಎಬ್ಬಿಸಿ ಅದೇ ಪ್ರೋಗ್ರಾಂ ಮತ್ತೆ ಹಾಕುತ್ತೀರಿ.

ನಾಲ್ಕುಕಾಲು · ಭಾನುವಾರ ಬೆಳಿಗ್ಗೆ 7:10

ಎಬ್ಬಿಸೋದು ಸುಲಭ ಇದೆ. ಡಾಂಗಲ್‌ನ ರೀಸೆಟ್ ಪಿನ್ನಿಂದ ಬೋರ್ಡಿನ ಎನ್‌ಆರ್‌ಎಸ್‌ಟಿಗೆ (ಚಿಪ್‌ನ ರೀಸೆಟ್ ಪಿನ್) ಐದನೇ ವೈರ್ ಹಾಕಿ. ಆಮೇಲೆ ಓಪನ್‌ಒಸಿಡಿ ಕಾನ್ಫಿಗ್‌ನಲ್ಲಿ ರೀಸೆಟ್ ಕಾನ್ಫಿಗ್ ಸಾಲಿಗೆ 'ಎಸ್‌ಆರ್‌ಎಸ್‌ಟಿ ಓನ್ಲಿ, ಎಸ್‌ಆರ್‌ಎಸ್‌ಟಿ ನೋಗೇಟ್, ಕನೆಕ್ಟ್ ಅಸರ್ಟ್ ಎಸ್‌ಆರ್‌ಎಸ್‌ಟಿ' ಮೂರನ್ನೂ ಕೊಡಿ. ಓಪನ್‌ಒಸಿಡಿ ಬದಲು ಕ್ಯೂಬ್‌ಪ್ರೋಗ್ರಾಮರ್ ಆದರೆ ಮೋಡ್‌ನಲ್ಲಿ 'ಅಂಡರ್ ರೀಸೆಟ್', ರೀಸೆಟ್ ಮೋಡ್‌ನಲ್ಲಿ 'ಹಾರ್ಡ್‌ವೇರ್ ರೀಸೆಟ್'. ನನಗೆ ಪ್ರತೀ ಸಲ ಕೆಲಸ ಮಾಡಿದೆ.

ಕೆಂಪುದೀಪ · ಭಾನುವಾರ ಬೆಳಿಗ್ಗೆ 9:25

ಡೀಬಗ್ ಆಯ್ಕೆ ಸೀರಿಯಲ್ ವೈರ್ ಮಾಡಿದೆ, ಸಾಲು ಬದಲಾಗಿದೆ, ಬಿಲ್ಡ್ ಆಗಿದೆ. ಐದನೇ ವೈರ್ ಹಾಕಿದೆ. ಮೂರೂ ಪದ ಕೊಟ್ಟೆ. ಅದೇ ಎರರ್. ಕ್ಯೂಬ್‌ಪ್ರೋಗ್ರಾಮರ್‌ನಲ್ಲೂ ಅಂಡರ್ ರೀಸೆಟ್ ಹಾಕಿದೆ, 'ನೋ ಎಸ್‌ಟಿಎಂ32 ಟಾರ್ಗೆಟ್ ಫೌಂಡ್'. ಇಪ್ಪತ್ತು ಸಲವಾದರೂ ಮಾಡಿರಬೇಕು. ನಿನ್ನೆ ರಾತ್ರಿ ಬಹಳ ಭರವಸೆಯಿಂದ ಮಲಗಿದ್ದೆ, ಈಗ ಮತ್ತೆ ಚಿಪ್ಪೇ ಹೋಗಿದೆಯೇನೋ ಅನ್ನಿಸ್ತಿದೆ.

ಎಂಟುಮೆಗಾಹರ್ಟ್ಸ್ · ಭಾನುವಾರ ಬೆಳಿಗ್ಗೆ 10:05

ಇಲ್ಲ, ಹಾಗೆ ಅಂದುಕೊಳ್ಳಬೇಡಿ. ನಾಲ್ಕುಕಾಲು ಅವರು ಹೇಳಿದ ದಾರಿ ಸರಿಯಾದದ್ದೇ. ಅದು ಕೆಲಸ ಮಾಡಲಿಲ್ಲ ಅಂದರೆ ಅದರಲ್ಲಿ ಯಾವ ಹೆಜ್ಜೆ ನಡೆಯಲಿಲ್ಲ ಅಂತ ನೋಡಬೇಕು.

ಅಂಡರ್ ರೀಸೆಟ್ ಅಂದರೆ ಏನು ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ಗೊತ್ತಿದ್ದರೆ ಮುಂದೆಂದೂ ಇಪ್ಪತ್ತು ಸಲ ಕುರುಡಾಗಿ ಪ್ರಯತ್ನಿಸುವ ಪಾಡು ಬರುವುದಿಲ್ಲ. ಡಾಂಗಲ್ ಎನ್‌ಆರ್‌ಎಸ್‌ಟಿಯನ್ನು ಗ್ರೌಂಡಿಗೆ ಎಳೆದು ಹಿಡಿಯುತ್ತದೆ. ಪ್ರೊಸೆಸರ್ ನಿಲ್ಲುತ್ತದೆ, ಎಂಎಪಿಆರ್ ಸೊನ್ನೆಗೆ ಮರಳುತ್ತದೆ, ಅಂದರೆ ಬಾಗಿಲು ತೆರೆಯುತ್ತದೆ. ಎಸ್‌ಟಿಎಂ32ರಲ್ಲಿ ಒಂದು ಒಳ್ಳೆಯ ಗುಣವಿದೆ: ರೀಸೆಟ್ ಪಿನ್ ಕೆಳಗಿದ್ದಾಗಲೂ ಡೀಬಗ್ ಪೋರ್ಟ್ ಎಚ್ಚರವಾಗಿರುತ್ತದೆ. ಆ ಹೊತ್ತಿನಲ್ಲಿ ಡೀಬಗ್ಗರ್ ಒಳಹೊಕ್ಕು, ಕೋರ್‌ನ ಡಿಇಎಂಸಿಆರ್ ರಿಜಿಸ್ಟರಿನಲ್ಲಿ ವೆಕ್ಟರ್ ಕ್ಯಾಚ್ ಎಂಬ ಬಿಟ್ ಏರಿಸುತ್ತದೆ. ಆಮೇಲೆ ರೀಸೆಟ್ ಬಿಡುತ್ತದೆ. ಪ್ರೊಸೆಸರ್ ಎದ್ದ ಕೂಡಲೇ, ನಿಮ್ಮ ಪ್ರೋಗ್ರಾಮಿನ ಮೊದಲ ಇನ್‌ಸ್ಟ್ರಕ್ಷನ್ ಓಡುವ ಮೊದಲೇ, ಆ ಬಿಟ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಬಾಗಿಲು ಮುಚ್ಚುವ ಸಾಲಿನವರೆಗೆ ಪ್ರೋಗ್ರಾಂ ತಲುಪುವುದೇ ಇಲ್ಲ.

ಇಷ್ಟಕ್ಕೂ ಬುನಾದಿ ಒಂದೇ: ಎನ್‌ಆರ್‌ಎಸ್‌ಟಿ ನಿಜವಾಗಿ ಕೆಳಗಿಳಿಯಬೇಕು. ನೀವು ವೈರ್ ಹಾಕಿದ್ದೀರಿ, ಸರಿ. ಅದರಲ್ಲಿ ಸಿಗ್ನಲ್ ಬರುತ್ತಿದೆಯಾ? ಮೀಟರ್ ಬೇಡ, ದೀಪವನ್ನೇ ನೋಡಿ. ಅಂಡರ್ ರೀಸೆಟ್‌ನಲ್ಲಿ ಕನೆಕ್ಟ್ ಒತ್ತಿದಾಗ ಮಿನುಗು ಒಂದು ಕ್ಷಣ ತಡವರಿಸಬೇಕು. ತಡವರಿಸುತ್ತದಾ?

ಕೆಂಪುದೀಪ · ಭಾನುವಾರ ಬೆಳಿಗ್ಗೆ 10:22

ಹತ್ತು ಸಲ ನೋಡಿದೆ. ಒಂದು ಸಲವೂ ತಡವರಿಸಲಿಲ್ಲ. ಬೋರ್ಡಿನ ಮೇಲಿರುವ ರೀಸೆಟ್ ಗುಂಡಿ ಒತ್ತಿದರೆ ಮಾತ್ರ ನಿಲ್ಲುತ್ತೆ, ಬಿಟ್ಟರೆ ಮತ್ತೆ ಶುರು.

ಲಾಜಿಕ್‌ಕಣ್ಣು · ಭಾನುವಾರ ಬೆಳಿಗ್ಗೆ 10:50

ನನ್ನ ಹತ್ತಿರವೂ ಅಂಥದ್ದೇ ಡಾಂಗಲ್ ಇದೆ. ಈಗಷ್ಟೇ ಲಾಜಿಕ್ ಅನಲೈಸರ್‌ನ (ವೈರ್‌ಗಳ ಸಿಗ್ನಲ್ ಪರದೆ ಮೇಲೆ ತೋರಿಸೋ ಸಾಧನ) ಮೂರು ಚಾನೆಲ್ ಹಾಕಿ ನೋಡಿದೆ: ಡೇಟಾ, ಕ್ಲಾಕ್, ರೀಸೆಟ್. ನಿಮ್ಮ ಪ್ರೋಗ್ರಾಮಿನಂಥದ್ದನ್ನೇ ಹಾಕಿ ಬಾಗಿಲು ಮುಚ್ಚಿಸಿದ್ದೆ.

ಪರದೆ ಮೇಲೆ ಕಂಡದ್ದು ಹೀಗೆ. ಡೇಟಾ ಮೇಲಿರುವಾಗಲೇ ಕ್ಲಾಕ್ 50ಕ್ಕೂ ಹೆಚ್ಚು ಸಲ ಬಡಿಯಿತು, ಅದು ಲೈನ್ ರೀಸೆಟ್. ಆಮೇಲೆ ಜೆಟ್ಯಾಗ್‌ನಿಂದ ಎಸ್‌ಡಬ್ಲ್ಯುಡಿಗೆ ಬಾ ಅಂತ ಹೇಳುವ 16 ಬಿಟ್. ಮತ್ತೊಂದು ಲೈನ್ ರೀಸೆಟ್. ಆಮೇಲೆ 8 ಬಿಟ್‌ನ ಕೋರಿಕೆ, 'ನಿನ್ನ ಗುರುತಿನ ಸಂಖ್ಯೆ ಕೊಡು' ಅಂತ. ಇಷ್ಟೆಲ್ಲ ಡಾಂಗಲ್‌ನ ಮಾತು. ಇದಾದ ಮೇಲೆ ಮೂರು ಬಿಟ್ ಚಿಪ್ ಹೇಳಬೇಕು. ಸರಿ ಅನ್ನಲು 1, 0, 0. ತಾಳು ಅನ್ನಲು 0, 1, 0. ತಪ್ಪು ಅನ್ನಲು 0, 0, 1. ನನಗೆ ಕಂಡದ್ದು 1, 1, 1. ಅದು ಉತ್ತರವಲ್ಲ. ಲೈನನ್ನು ಯಾರೂ ಹಿಡಿದಿಲ್ಲ, ಪುಲ್‌ಅಪ್ ರೆಸಿಸ್ಟರ್ ಅದನ್ನು ಮೇಲೆ ನಿಲ್ಲಿಸಿದೆ ಅಷ್ಟೇ.

ಇಷ್ಟು ನಡೆಯುವಾಗ ರೀಸೆಟ್ ಚಾನೆಲ್ ಉದ್ದಕ್ಕೂ ನೇರ ಗೆರೆ, ಒಂದು ಕಡೆಯೂ ಕೆಳಗಿಳಿದಿಲ್ಲ. ಈ ಮಾದರಿಯ ಕೆಲವು ಡಾಂಗಲ್‌ಗಳಲ್ಲಿ ರೀಸೆಟ್ ಅಂತ ಬರೆದಿರುವ ಪಿನ್ ಎಸ್‌ಟಿಎಂ8 ಚಿಪ್‌ಗಳಿಗಾಗಿ ಮಾತ್ರ ಇರುತ್ತೆ, ಎಸ್‌ಡಬ್ಲ್ಯುಡಿ ಕೆಲಸಕ್ಕೆ ಅದು ಅಲುಗಾಡೋದೇ ಇಲ್ಲ. ನನ್ನದು ಹಾಗೇ ಇದೆ. ನಿಮ್ಮದೂ ಅದೇ ಅನ್ನಿಸುತ್ತೆ.

ಎಂಟುಮೆಗಾಹರ್ಟ್ಸ್ · ಭಾನುವಾರ ಬೆಳಿಗ್ಗೆ 11:04

ಲಾಜಿಕ್‌ಕಣ್ಣು ಅವರಿಗೆ ದೊಡ್ಡ ಧನ್ಯವಾದ, ಭಾನುವಾರ ಕೂತು ಅದನ್ನೇ ಮರುಸೃಷ್ಟಿಸಿ ಅಳೆದು ತೋರಿಸಿದ್ದಕ್ಕೆ. ಆ 1, 1, 1 ಕಂಡಮೇಲೆ ಊಹೆಗೆ ಜಾಗವೇ ಉಳಿಯಲಿಲ್ಲ.

ಕೆಂಪುದೀಪ ಅವರೇ, ಈಗ ಎರಡು ದಾರಿ ಇವೆ. ಒಂದು, ಡಾಂಗಲ್ ಮಾಡದ ಕೆಲಸವನ್ನು ಕೈಯಿಂದ ಮಾಡುವುದು. ರೀಸೆಟ್ ಗುಂಡಿ ಒತ್ತಿ ಹಿಡಿದು ಕನೆಕ್ಟ್ ಆಜ್ಞೆ ಕೊಟ್ಟು, ಸುಮಾರು ಅರ್ಧ ಸೆಕೆಂಡಿಗೆ ಬಿಡುವುದು. ಹೊತ್ತು ಸರಿಯಾಗಿ ಕೂಡಿಬರಬೇಕು, ನಾಲ್ಕಾರು ಸಲ ಬೇಕಾಗಬಹುದು.

ಇನ್ನೊಂದರಲ್ಲಿ ಅದೃಷ್ಟದ ಮಾತಿಲ್ಲ, ನಾನು ಅದನ್ನೇ ಹೇಳುವುದು. ಬೋರ್ಡಿನ ಮೇಲೆ ಎರಡು ಹಳದಿ ಜಂಪರ್ ಇವೆ, ಬೂಟ್0 ಮತ್ತು ಬೂಟ್1. ಬೂಟ್1 ಸೊನ್ನೆಯಲ್ಲೇ ಇರಲಿ. ಬೂಟ್0 ಜಂಪರನ್ನು 1ರ ಕಡೆಗೆ ಸರಿಸಿ ರೀಸೆಟ್ ಒತ್ತಿ. ಈಗ ಚಿಪ್ ನಿಮ್ಮ ಫ್ಲ್ಯಾಶ್ ಕಡೆ ತಿರುಗಿಯೂ ನೋಡುವುದಿಲ್ಲ, ಕಾರ್ಖಾನೆಯಲ್ಲೇ ಹಾಕಿಟ್ಟ ಬೂಟ್‌ಲೋಡರ್ ಎಂಬ ಚಿಕ್ಕ ಪ್ರೋಗ್ರಾಂ ಓಡುತ್ತದೆ. ಅದು ಡೀಬಗ್ ಪಿನ್ ಮುಟ್ಟುವುದಿಲ್ಲ. ದೀಪ ಮಿನುಗುವುದು ನಿಂತರೆ ಸರಿಯಾದ ಜಾಗದಲ್ಲಿದ್ದೀರಿ ಅಂತ ಅರ್ಥ. ರೀಸೆಟ್ ಕಾನ್ಫಿಗ್‌ಗೆ ಸೇರಿಸಿದ್ದ ಪದಗಳನ್ನೆಲ್ಲ ತೆಗೆದು ಮಾಮೂಲಿಯಾಗಿ ಕನೆಕ್ಟ್ ಮಾಡಿ, ಮಾಸ್ ಇರೇಸ್ ಮಾಡಿ (ಫ್ಲ್ಯಾಶ್ ಪೂರ್ತಿ ಅಳಿಸಿ), ಹೊಸ ಪ್ರೋಗ್ರಾಂ ಹಾಕಿ. ಆಮೇಲೆ ಜಂಪರ್ ವಾಪಸ್ ಸೊನ್ನೆಗೆ.

ಕೆಂಪುದೀಪ · ಭಾನುವಾರ ಬೆಳಿಗ್ಗೆ 11:37

ಆಯ್ತು! ಆಯ್ತು!

ಜಂಪರ್ ಸರಿಸಿ ರೀಸೆಟ್ ಒತ್ತಿದೆ, ದೀಪ ನಿಂತಿತು. ಎರಡು ದಿನದಿಂದ ಮಿನುಗುತ್ತಲೇ ಇದ್ದ ದೀಪ ನಿಂತಿದ್ದು ನೋಡಿ ಒಂದು ಕ್ಷಣ ಎದೆ ಧಸಕ್ಕೆಂದಿತು, ಆಮೇಲೆ ನೀವು ಹೇಳಿದ್ದು ನೆನಪಾಯ್ತು. ಓಪನ್‌ಒಸಿಡಿ ಓಡಿಸಿದೆ. ಎರರ್ ಬರೋ ಜಾಗದಲ್ಲಿ 'ಹಾರ್ಡ್‌ವೇರ್ ಹ್ಯಾಸ್ 6 ಬ್ರೇಕ್‌ಪಾಯಿಂಟ್ಸ್, 4 ವಾಚ್‌ಪಾಯಿಂಟ್ಸ್' ಅಂತ ಬಂತು. ಆ ಸಾಲನ್ನ ಮೂರು ಸಲ ಓದಿದೆ.

ಇರೇಸ್ ಮಾಡಿ ಹೊಸದು ಹಾಕಿ ಜಂಪರ್ ವಾಪಸ್ ಇಟ್ಟೆ. ಈಗ ದೀಪ 100ರ ವೇಗದಲ್ಲಿ ಮಿನುಗ್ತಿದೆ. ಮತ್ತೆ 300 ಮಾಡಿ ಹಾಕಿದೆ, ಹೋಯ್ತು. ಮತ್ತೆ 50 ಮಾಡಿ ಹಾಕಿದೆ, ಹೋಯ್ತು. ಎಂಟುಮೆಗಾಹರ್ಟ್ಸ್ ಅವರೇ, ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗ್ತಿಲ್ಲ.

ತಂತಿಗಂಟು · ಭಾನುವಾರ ಮಧ್ಯಾಹ್ನ 12:15

ಒಳ್ಳೆಯದಾಯ್ತು. ವೈರ್ ಅಂತ ನಾನು ಹೇಳಿದ್ದು ಇಲ್ಲಿ ತಪ್ಪಾಯ್ತು, ಒಪ್ಪುತ್ತೀನಿ. 'ಒಂದು ಸಲವಾದರೂ ಆಗಿತ್ತಾ' ಅನ್ನೋ ಪ್ರಶ್ನೆ ಮೊದಲೇ ಕೇಳಬೇಕಿತ್ತು.

ರಿಜಿಸ್ಟರ್‌ಪ್ರಿಯ · ಭಾನುವಾರ ಮಧ್ಯಾಹ್ನ 2:40

ಇದನ್ನು ಓದುತ್ತಾ ನನ್ನದೊಂದು ಹಳೇ ಒಗಟು ಬಿಡಿಸಿಕೊಂಡಿತು. ನಾನು ಕ್ಯೂಬ್ ಬಳಸುವುದಿಲ್ಲ, ಎಲ್ಲಾ ರಿಜಿಸ್ಟರ್ ಕೈಯಲ್ಲೇ ಬರೆಯುತ್ತೇನೆ. ಪಿಬಿ3 ಬೇಕಿತ್ತು, ಹಾಗಾಗಿ ಎಂಎಪಿಆರ್‌ಗೆ 010 ಬರೆದು ಜೆಟ್ಯಾಗ್ ಮಾತ್ರ ಬಿಡಿಸಿದೆ. ಡೀಬಗ್ ಚೆನ್ನಾಗಿ ನಡೆಯುತ್ತಿತ್ತು. ಒಂದು ತಿಂಗಳ ಮೇಲೆ ಟೈಮರ್ ಪಿನ್ ರೀಮ್ಯಾಪ್ ಮಾಡಲು ಅದೇ ರಿಜಿಸ್ಟರನ್ನು ಓದಿ, ಒಂದು ಬಿಟ್ ಮಾತ್ರ ಏರಿಸಿ (ಓರ್ ಮಾಡಿ), ವಾಪಸ್ ಬರೆದೆ. ಎಲ್ಲರೂ ಮಾಡುವ ಹಾಗೆಯೇ. ಅವತ್ತಿಂದ ಡೀಬಗ್ಗರ್ ಒಮ್ಮೆ ಸಿಕ್ಕರೆ ಒಮ್ಮೆ ಇಲ್ಲ. ಟೈಮರಿಗೂ ಡೀಬಗ್ಗರಿಗೂ ಎತ್ತಣ ಸಂಬಂಧ ಅಂತ ಆಗ ತಿಳಿಯಲಿಲ್ಲ.

ಈಗ ಎಫ್‌1ರ ರೆಫರೆನ್ಸ್ ಮ್ಯಾನ್ಯುಯಲ್ ತೆಗೆದು ನೋಡಿದೆ, ಆರ್‌ಎಂ0008. ಆ ಮೂರು ಬಿಟ್‌ಗಳ ವಿವರದಲ್ಲೇ ಇದೆ: ಅವು ಬರೆಯಲಿಕ್ಕೆ ಮಾತ್ರ, ಓದಿದರೆ ಬರುವ ಬೆಲೆಗೆ ಅರ್ಥವಿಲ್ಲ. ನಾನು ಅರ್ಥವಿಲ್ಲದ ಬೆಲೆಯನ್ನು ಓದಿ ಅದನ್ನೇ ವಾಪಸ್ ಬರೆಯುತ್ತಿದ್ದೆ.

ಎಂಟುಮೆಗಾಹರ್ಟ್ಸ್ · ಭಾನುವಾರ ಮಧ್ಯಾಹ್ನ 3:20

ಇದು ಬಹಳ ಬೆಲೆಬಾಳುವ ಮಾತು, ಎಫ್‌1ರಲ್ಲಿ ರಿಜಿಸ್ಟರ್ ಕೈಯಲ್ಲಿ ಬರೆಯುವವರೆಲ್ಲ ಓದಬೇಕು. ರಿಜಿಸ್ಟರನ್ನು ಒಂದು ವೇರಿಯೇಬಲ್‌ಗೆ ಓದಿಕೊಳ್ಳಿ, 24ರಿಂದ 26ರ ಬಿಟ್‌ಗಳನ್ನು ಅಳಿಸಿ, ನಿಮಗೆ ಬೇಕಾದ 010 ಕೂಡಿಸಿ, ಆಮೇಲೆ ಒಂದೇ ಸಲಕ್ಕೆ ಬರೆಯಿರಿ. ಎಂಎಪಿಆರ್ ಮುಟ್ಟುವ ಪ್ರತಿಯೊಂದು ಕಡೆಯೂ ಹೀಗೇ. ನಾನಾಗಿದ್ದರೆ ಇದಕ್ಕೊಂದು ಚಿಕ್ಕ ಫಂಕ್ಷನ್ ಬರೆದು, ಬೇರೆಲ್ಲೂ ಆ ರಿಜಿಸ್ಟರಿನ ಹೆಸರು ಕೂಡ ಬಾರದಂತೆ ನೋಡಿಕೊಳ್ಳುತ್ತೇನೆ.

ಎಸ್‌ಟಿಎಂ32ರ ಎಫ್‌4 ಸರಣಿ ಬಳಸುವವರಿಗೆ: ಅಲ್ಲಿ ಈ ಮೂರು ಬಿಟ್‌ಗಳ ಕಥೆ ಇಲ್ಲ. ಆದರೆ ಪಿಎ13, ಪಿಎ14ರ ಮೋಡ್ ಬದಲಿಸಿದರೆ ಫಲ ಇದೇ. ಬಳಸದ ಪಿನ್‌ಗಳನ್ನೆಲ್ಲ ಅನಲಾಗ್ ಮಾಡಿ ಕರೆಂಟ್ ಉಳಿಸುವ ಆಯ್ಕೆ ಕ್ಯೂಬ್‌ನಲ್ಲಿ ಇದೆ. ಡೀಬಗ್ ಆಯ್ಕೆ ಆರಿಸದೆ ಅದನ್ನು ಒತ್ತಿದರೆ ಆ ಎರಡು ಪಿನ್ ಕೂಡ ಅದರ ಜೊತೆಗೇ ಹೋಗುತ್ತವೆ.

ನಿದ್ದೆಮೋಡ್ · ಭಾನುವಾರ ಸಂಜೆ 5:05

ನನ್ನ ಸೆನ್ಸರ್ ಬೋರ್ಡು ಬ್ಯಾಟರಿಯಲ್ಲಿ ಓಡುತ್ತೆ, 10 ಸೆಕೆಂಡಿಗೊಮ್ಮೆ ಎದ್ದು ಮತ್ತೆ ಸ್ಟಾಪ್ ಮೋಡ್‌ಗೆ (ಕರೆಂಟ್ ಉಳಿಸೋ ನಿದ್ದೆ) ಹೋಗುತ್ತೆ. ಪಿನ್ ಯಾವುದೂ ಮುಟ್ಟಿಲ್ಲ, ಆದರೂ ಹತ್ತಕ್ಕೆ ಒಂಬತ್ತು ಸಲ ಕನೆಕ್ಟ್ ಆಗಲ್ಲ.

ಎಂಟುಮೆಗಾಹರ್ಟ್ಸ್ · ಭಾನುವಾರ ಸಂಜೆ 5:18

ಸ್ಟಾಪ್‌ನಲ್ಲಿ ಕೋರ್‌ನ ಕ್ಲಾಕೇ ನಿಂತಿರುತ್ತದೆ, ಡೀಬಗ್ಗರ್ ಮಾತಾಡಲು ಒಳಗೆ ಯಾರೂ ಎಚ್ಚರವಿಲ್ಲ. ಡಿಬಿಜಿಎಂಸಿಯು ಎಂಬ ಬ್ಲಾಕಿನ ಕಂಟ್ರೋಲ್ ರಿಜಿಸ್ಟರಿನಲ್ಲಿ ಸ್ಲೀಪ್, ಸ್ಟಾಪ್, ಸ್ಟ್ಯಾಂಡ್‌ಬೈ ಮೂರಕ್ಕೂ ಒಂದೊಂದು ಬಿಟ್ ಇದೆ. ಸ್ಟಾಪ್‌ನ ಬಿಟ್ ಏರಿಸಿದರೆ ಡೀಬಗ್‌ಗೆ ಬೇಕಾದಷ್ಟು ಕ್ಲಾಕ್ ಉಳಿಯುತ್ತದೆ. ಆದರೆ ಆಗ ಕರೆಂಟ್ ಬಳಕೆಯೂ ಏರುತ್ತದೆ. ಬ್ಯಾಟರಿ ಎಷ್ಟು ದಿನ ಬರುತ್ತದೆ ಅಂತ ಅಳೆಯುವಾಗ ಅದನ್ನು ತೆಗೆದು ಅಳೆಯಿರಿ. ಸದ್ಯಕ್ಕೆ ಒಳಹೋಗಲು ಅಂಡರ್ ರೀಸೆಟ್ ಸಾಕು.

ಕಂಪೈಲ್‌ಆಯ್ತು · ಭಾನುವಾರ ಸಂಜೆ 6:30

ನನಗೆ ಬರೋದು 'ಓಪನ್ ಫೇಲ್ಡ್'. ಲಿನಕ್ಸ್. ರೂಟ್ ಆಗಿ ಓಡಿಸಿದರೆ ಕೆಲಸ ಮಾಡುತ್ತೆ.

ನಾಲ್ಕುಕಾಲು · ಭಾನುವಾರ ಸಂಜೆ 6:34

ಅನುಮತಿ ತೊಂದರೆ. ಓಪನ್‌ಒಸಿಡಿ ಜೊತೆಗೆ ಯುಡೆವ್ ರೂಲ್ಸ್ ಫೈಲ್ (ಯಾವ ಸಾಧನ ಯಾರು ಬಳಸಬಹುದು ಅಂತ ಲಿನಕ್ಸ್‌ಗೆ ಹೇಳೋದು) ಬಂದಿರುತ್ತೆ, ಅದನ್ನು ಸಿಸ್ಟಂನ ರೂಲ್ಸ್ ಫೋಲ್ಡರಿಗೆ ಹಾಕಿ ರೀಲೋಡ್ ಮಾಡಿ, ಡಾಂಗಲ್ ಕಿತ್ತು ಮತ್ತೆ ಚುಚ್ಚಿ. ಯುಎಸ್‌ಬಿ ಪಟ್ಟಿಯಲ್ಲಿ ಎಸ್‌ಟಿ-ಲಿಂಕ್ ವಿ2 ಅಂದರೆ 0483:3748 ಅಂತ ಕಾಣಬೇಕು. ಕಾಣಿಸದಿದ್ದರೆ ಡಾಂಗಲ್ಲೋ ಪೋರ್ಟೋ ನೋಡಬೇಕು. ಇನ್ನೊಂದು, ಹಿನ್ನೆಲೆಯಲ್ಲಿ ಹಳೇ ಓಪನ್‌ಒಸಿಡಿ ಓಡ್ತಾ ಇದ್ದರೂ ಡಾಂಗಲ್ ಇನ್ನೊಬ್ಬರಿಗೆ ಸಿಗಲ್ಲ.

ಹಸಿರುಪಿಸಿಬಿ · ಭಾನುವಾರ ರಾತ್ರಿ 8:50

ನನ್ನದು ಇನ್ನೊಂದು ಬಗೆ. ನಾನೇ ಡಿಸೈನ್ ಮಾಡಿದ ಮೊದಲ ಬೋರ್ಡು, ಎಸ್‌ಟಿಎಂ32ಎಫ್‌411. ಸೋಲ್ಡರ್ ಮಾಡಿದ್ದೂ ನಾನೇ. ಒಂದು ಸಲವೂ ಕನೆಕ್ಟ್ ಆಗಿಲ್ಲ. ಎಂಟುಮೆಗಾಹರ್ಟ್ಸ್ ಅವರ ಪ್ರಶ್ನೆಗೆ ನನ್ನ ಉತ್ತರ 'ಹುಟ್ಟಿದಾಗಿನಿಂದ ಇಲ್ಲ'. ಬೂಟ್0 ಮೇಲೆ ಮಾಡಿದೆ, ಅಂಡರ್ ರೀಸೆಟ್ ಮಾಡಿದೆ, ಏನೂ ಇಲ್ಲ. ಮೂರು ತಿಂಗಳು ಕೂತು ಗೆರೆ ಎಳೆದ ಬೋರ್ಡು ಇದು, ಬಿಟ್ಟುಕೊಡೋಕೆ ಮನಸ್ಸಿಲ್ಲ.

ತಂತಿಗಂಟು · ಭಾನುವಾರ ರಾತ್ರಿ 9:12

ಈಗ ನನ್ನ ಸರದಿ, ಇದು ವೈರು ಮತ್ತು ಸೋಲ್ಡರಿನ ಕೇಸು. ಮಲ್ಟಿಮೀಟರಿನ ಕಪ್ಪು ಕಡ್ಡಿ ಗ್ರೌಂಡಿನಲ್ಲಿ ಇಟ್ಟು, ಕೆಂಪು ಕಡ್ಡಿಯ ಚೂಪು ತುದಿಯನ್ನು ಚಿಪ್‌ನ ಕಾಲಿಗೇ ಮುಟ್ಟಿಸಿ ಅಳೆಯಿರಿ. ಕೆಳಗಿನ ಪ್ಯಾಡಿಗಲ್ಲ, ಕಾಲಿಗೆ. ಕಾಲು ಪ್ಯಾಡಿನಿಂದ ಕೂದಲೆಳೆಯಷ್ಟು ಎದ್ದಿದ್ದರೆ ಪ್ಯಾಡಿನಲ್ಲಿ 3.3 ಇರುತ್ತೆ, ಕಾಲಿನಲ್ಲಿ ಇರಲ್ಲ.

ಪ್ರತಿಯೊಂದು ವಿಡಿಡಿ (ಚಿಪ್‌ಗೆ ಕರೆಂಟ್ ಬರೋ) ಕಾಲಿನಲ್ಲೂ 3.3 ಬೇಕು. ವಿಡಿಡಿಎ ಮರೀಬೇಡಿ. ವಿಕ್ಯಾಪ್‌ನಲ್ಲಿ (ಚಿಪ್ ಒಳಗಿನ ರೆಗ್ಯುಲೇಟರಿನ ಕಾಲು) ಸುಮಾರು 1.2 ಬೇಕು, ಅಲ್ಲಿ 3.3 ಇದ್ದರೆ ಕೂಡಲೇ ಕರೆಂಟ್ ತೆಗೀರಿ. ಎನ್‌ಆರ್‌ಎಸ್‌ಟಿ ಸುಮ್ಮನಿದ್ದಾಗ 3.3ರ ಹತ್ತಿರ ಇರಬೇಕು. ನಾಲ್ಕೂ ಸಂಖ್ಯೆ ಇಲ್ಲಿ ಹಾಕಿ.

ಹಸಿರುಪಿಸಿಬಿ · ಭಾನುವಾರ ರಾತ್ರಿ 9:48

ವಿಡಿಡಿ ಎಲ್ಲಾ ಕಾಲಿನಲ್ಲೂ 3.29. ವಿಡಿಡಿಎ 0.8. ವಿಕ್ಯಾಪ್ ನಿಲ್ಲುತ್ತಿಲ್ಲ, 0.2, 0.4 ಅಂತ ಓಡಾಡ್ತಿದೆ. ಎನ್‌ಆರ್‌ಎಸ್‌ಟಿ 0.1.

ವಿಡಿಡಿಎ ಅನಲಾಗ್‌ಗೆ ಅಲ್ವಾ? ನಾನು ಎಡಿಸಿ (ಅನಲಾಗ್ ವೋಲ್ಟೇಜ್ ಅಳೆಯೋ ಭಾಗ) ಬಳಸ್ತಿಲ್ಲ, ಹಾಗಾಗಿ ಅದು ಮುಖ್ಯ ಅಲ್ಲ ಅಂದುಕೊಂಡಿದ್ದೆ.

ತಂತಿಗಂಟು · ಭಾನುವಾರ ರಾತ್ರಿ 9:57

ಸಿಕ್ಕಿತು. ಹೆಸರಲ್ಲಿ ಅನಲಾಗ್ ಇದ್ದರೂ ವಿಡಿಡಿಎ ಎಡಿಸಿಗೆ ಮಾತ್ರ ಅಲ್ಲ. ಚಿಪ್ ಒಳಗಿನ ರೀಸೆಟ್ ಬ್ಲಾಕು, ಕ್ಲಾಕ್ ಹುಟ್ಟಿಸೋ ಆರ್‌ಸಿ ಆಸಿಲೇಟರ್, ಪಿಎಲ್‌ಎಲ್ ಎಲ್ಲಕ್ಕೂ ಊಟ ಅಲ್ಲಿಂದಲೇ. ಅದು 1.7ಕ್ಕಿಂತ ಕೆಳಗಿದ್ದರೆ ಚಿಪ್ ತನ್ನನ್ನು ತಾನೇ ರೀಸೆಟ್‌ನಲ್ಲಿ ಹಿಡಿದಿಟ್ಟುಕೊಳ್ಳುತ್ತೆ. ನಿಮ್ಮ ಎನ್‌ಆರ್‌ಎಸ್‌ಟಿ 0.1 ಇರೋದಕ್ಕೂ ಅದೇ ಕಾರಣ ಇರಬೇಕು, ಒಳಗಿನಿಂದಲೇ ಎಳೆದು ಹಿಡಿದಿದೆ.

ನಿಮ್ಮ ಸ್ಕೀಮ್ಯಾಟಿಕ್‌ನಲ್ಲಿ 3.3ಕ್ಕೂ ವಿಡಿಡಿಎಗೂ ನಡುವೆ ಫೆರೈಟ್ ಬೀಡ್ (ಕರೆಂಟಿನ ಗದ್ದಲ ಸೋಸೋ ಚಿಕ್ಕ ಬಿಡಿಭಾಗ) ಇಟ್ಟಿದ್ದೀರಾ? ಅದರ ಎರಡೂ ತುದಿ ಅಳೆಯಿರಿ.

ಹಸಿರುಪಿಸಿಬಿ · ಭಾನುವಾರ ರಾತ್ರಿ 10:36

ಬೀಡ್ ಇದೆ. ಒಂದು ತುದಿ 3.29, ಇನ್ನೊಂದು ತುದಿ 0.8.

ಭೂತಗನ್ನಡಿ ಹಿಡಿದು ನೋಡಿದೆ. ಒಂದು ಬದಿಯ ಸೋಲ್ಡರ್ ಹೊಳೀತಾ ಇಳಿಜಾರಾಗಿ ಪ್ಯಾಡಿಗೆ ಇಳಿದಿದೆ. ಇನ್ನೊಂದು ಬದಿ ಸೋಲ್ಡರ್ ಉಂಡೆ ಕಟ್ಟಿ ಬೀಡಿಗೆ ಮಾತ್ರ ಅಂಟಿದೆ, ಪ್ಯಾಡಿಗೂ ಅದಕ್ಕೂ ನಡುವೆ ಕಪ್ಪು ಗೆರೆ. ಫ್ಲಕ್ಸ್ ಹಚ್ಚಿ, ಐರನ್ ತುದಿಯಿಂದ ಎರಡು ಸೆಕೆಂಡು ಮುಟ್ಟಿಸಿದೆ, ಉಂಡೆ ಕರಗಿ ಸರ್ರನೆ ಪ್ಯಾಡಿಗೆ ಹರೀತು. ವಿಡಿಡಿಎ 3.29. ವಿಕ್ಯಾಪ್ 1.21ಕ್ಕೆ ಬಂದು ನಿಂತಿತು. ಎನ್‌ಆರ್‌ಎಸ್‌ಟಿ 3.28.

ಕನೆಕ್ಟ್ ಒತ್ತಿದೆ. ಸಿಕ್ಕಿತು. ನನ್ನ ಮೊದಲ ಬೋರ್ಡು ಮಾತಾಡ್ತಿದೆ.

ಎಂಟುಮೆಗಾಹರ್ಟ್ಸ್ · ಭಾನುವಾರ ರಾತ್ರಿ 10:50

ಎಷ್ಟು ಸಂತೋಷವಾಯಿತು! ತಂತಿಗಂಟು ಅವರೇ, ಆ ಎನ್‌ಆರ್‌ಎಸ್‌ಟಿ 0.1ನ್ನು ಕಂಡ ಕೂಡಲೇ ರೀಸೆಟ್ ಗುಂಡಿ ಶಾರ್ಟ್ ಆಗಿದೆಯೇನೋ ಅಂತ ನಾನು ಅಡ್ಡದಾರಿ ಹಿಡಿಯುತ್ತಿದ್ದೆ. ನೀವು ನೇರ ವಿಡಿಡಿಎಗೆ ಹೋದಿರಿ.

ಕೆಂಪುದೀಪ · ಸೋಮವಾರ ಸಂಜೆ 7:15

ಎರಡನೇ ಬೋರ್ಡಿನದ್ದೂ ಹೇಳ್ತೀನಿ. ಅದಕ್ಕೆ ಬೂಟ್0 ದಾರಿ ಬಳಸದೆ ಬೇಕಂತಲೇ ಕೈಯಲ್ಲಿ ರೀಸೆಟ್ ಗುಂಡಿ ಹಿಡಿದು ಪ್ರಯತ್ನಿಸಿದೆ, ಕಲಿಯಬೇಕು ಅಂತ. ಏಳನೇ ಸಲಕ್ಕೆ ಸಿಕ್ಕಿತು. ಮೊದಲ ಆರು ಸಲ ಗುಂಡಿಯನ್ನ ತುಂಬಾ ತಡವಾಗಿ ಬಿಡ್ತಿದ್ದೆ.

ಇವತ್ತು ಗೆಳೆಯನ ನ್ಯೂಕ್ಲಿಯೋ ಬೋರ್ಡು ಸಿಕ್ಕಿತ್ತು. ಅದರ ಮೇಲ್ಭಾಗದಲ್ಲಿರೋ ಎಸ್‌ಟಿ-ಲಿಂಕನ್ನೇ ನನ್ನ ನೀಲಿ ಬೋರ್ಡಿಗೆ ಬಳಸಬಹುದು ಅಂತ ಓದಿದೆ: ಸಿಎನ್2ರ ಎರಡು ಜಂಪರ್ ತೆಗೆದು, ಸಿಎನ್4 ಕನೆಕ್ಟರಿನಿಂದ ವೈರ್ ಎಳೆಯೋದು. ಒಂದನೇ ಪಿನ್ ಟಾರ್ಗೆಟ್ ವೋಲ್ಟೇಜ್, ಎರಡು ಕ್ಲಾಕ್, ಮೂರು ಗ್ರೌಂಡ್, ನಾಲ್ಕು ಡೇಟಾ, ಐದು ರೀಸೆಟ್. ಬೋರ್ಡಿಗೆ ಕರೆಂಟ್ ಅದರದೇ ಯುಎಸ್‌ಬಿಯಿಂದ ಕೊಟ್ಟೆ. ಹಳೇ ಕೆಟ್ಟ ಪ್ರೋಗ್ರಾಮನ್ನೇ ಬೇಕಂತ ಹಾಕಿ, ಅಂಡರ್ ರೀಸೆಟ್ ಒತ್ತಿದೆ. ದೀಪ ತಡವರಿಸಿತು, ಒಂದೇ ಸಲಕ್ಕೆ ಒಳಗೆ ಹೋಯ್ತು. ಇದರಲ್ಲಿ ಬೋರ್ಡ್ ಕಿತ್ತರೆ ವೋಲ್ಟೇಜ್ ಕೂಡ ಬಿದ್ದುಹೋಗುತ್ತೆ, ಪರೀಕ್ಷಿಸಿದೆ.

ಹಸಿರುಪಿಸಿಬಿ · ಸೋಮವಾರ ರಾತ್ರಿ 9:30

ನನಗೊಂದು ಉಳಿದಿದೆ. ಎಸ್‌ಡಬ್ಲ್ಯುಡಿ ಕ್ಲಾಕ್ 4000 ಕಿಲೋಹರ್ಟ್ಸ್‌ನಲ್ಲಿ ಇಟ್ಟು ಡೀಬಗ್ ಮಾಡುವಾಗ ಮಧ್ಯೆ ಕಡಿದುಹೋಗ್ತಿದೆ, 950ಕ್ಕೆ ಇಳಿಸಿದರೆ ಸರಿ ಇರುತ್ತೆ. ವೈರ್ ಸುಮಾರು 30 ಸೆಂಟಿಮೀಟರ್, ಗ್ರೌಂಡ್ ವೈರ್ ಬೋರ್ಡಿನ ಇನ್ನೊಂದು ಮೂಲೆಯಿಂದ ಬಂದಿದೆ.

ತಂತಿಗಂಟು · ಸೋಮವಾರ ರಾತ್ರಿ 9:41

ವೈರ್ ಅರ್ಧಕ್ಕಿಂತ ಕಡಿಮೆ ಮಾಡಿ. ಗ್ರೌಂಡನ್ನು ಕ್ಲಾಕ್ ವೈರ್ ಪಕ್ಕದಲ್ಲೇ, ಅದರ ಜೊತೆ ಸುತ್ತಿ ತನ್ನಿ. ಅದಾಗೋವರೆಗೂ 950ರಲ್ಲೇ ಕೆಲಸ ಮಾಡಿ, ಪ್ರೋಗ್ರಾಂ ಹೋಗೋದು ಒಂದೆರಡು ಸೆಕೆಂಡ್ ತಡ ಆಗುತ್ತೆ ಅಷ್ಟೇ.

ಹಸಿರುಪಿಸಿಬಿ · ಸೋಮವಾರ ರಾತ್ರಿ 10:20

12 ಸೆಂಟಿಮೀಟರ್ ಮಾಡಿದೆ, ಗ್ರೌಂಡ್ ಸುತ್ತಿದೆ. 4000ದಲ್ಲಿ ಅರ್ಧ ಗಂಟೆ ಆಯ್ತು, ಇನ್ನೂ ಕಡಿದಿಲ್ಲ.